ಅಚ್ಚುಕಟ್ಟಾದ ಮನೆ

ಆ ಕಂಪನಿಯಲ್ಲಿ ತಿಂಗಳ ಸಂಬಳದವರು ಹನ್ನೊಂದೇ ಜನ. ಉಳಿದ ನಾನೂರು ಚಿಲ್ಲರೆ ಮಂದಿಯೆಲ್ಲ ಬಿಡಿ ಕೆಲಸದವರು, ಈಗಿನ ಮಾತಿನಲ್ಲಿ ಫ್ರೀಲ್ಯಾನ್ಸರುಗಳು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ. ಬಾಡಿಗೆ ಮನೆಯೊಂದು ಕಂಪನಿಯ ಕೈಗೆ ಬಂತೆಂದರೆ ಒಬ್ಬ ಹೋಗಿ ಫೋಟೋ ತೆಗೆಯುತ್ತಾನೆ, ಇನ್ನೆಲ್ಲೋ ಕೂತವಳು ನಕ್ಷೆ ಎಳೆಯುತ್ತಾಳೆ, ಮತ್ತೊಬ್ಬಳು ವಿವರ ಬರೆಯುತ್ತಾಳೆ, ಕೊನೆಗೆ ಯಾರೋ ಬೀಗದ ಕೈ ಹಿಡಿದು ಬಂದವರಿಗೆ ತೋರಿಸುತ್ತಾರೆ. ಮನೆಯನ್ನು ಇಡಿಯಾಗಿ ನೋಡಿದವರು ಮಾತ್ರ ಒಬ್ಬರೂ ಇಲ್ಲ. ಹೀಗೆ ನಾಲ್ಕೇ ವರ್ಷದಲ್ಲಿ ನಲವತ್ತು ಮನೆ ಹೋಗಿ ಆರು ಸಾವಿರವಾಗಿದ್ದವು.

ಈ ಕಥೆ ವಿವರ ಬರೆಯುವವಳದು. ಕಂಪನಿಯ ಫೋನ್ ಗುಂಪಿನಲ್ಲಿ ಅವಳಿಗೆ ಅಚ್ಚುಕಟ್ಟಕ್ಕ ಎಂದು ಹೆಸರು ಬಿದ್ದಿತ್ತು. ಬೀಳದೆ ಏನು? ಅವಳ ಬರಹದಲ್ಲಿ ಯಾವ ಮನೆಯೂ ಚಿಕ್ಕದಲ್ಲ, ಎಲ್ಲವೂ ಅಚ್ಚುಕಟ್ಟು. ಕತ್ತಲೆಕೋಣೆ ಅವಳ ಕೈಗೆ ಬಂದರೆ 'ಬೇಸಿಗೆಯಲ್ಲೂ ತಂಪು' ಆಗುತ್ತಿತ್ತು. ಹಗಲಿಡೀ ಬಸ್ಸು ಒದರುವ ಬೀದಿ 'ಎಲ್ಲದಕ್ಕೂ ಹತ್ತಿರ' ಆಗುತ್ತಿತ್ತು. ಸುಳ್ಳೆಂದು ಯಾರೂ ಹಿಡಿಯುವಂತಿಲ್ಲ, ನಿಜವೆಂದು ಅವಳೂ ಆಣೆ ಮಾಡುವಂತಿಲ್ಲ. ಅವಳ ಈ ಮಾತುಗಳನ್ನೆಲ್ಲ ಆಫೀಸಿನವರು ಪಟ್ಟಿ ಮಾಡಿ, ಹೊಸದಾಗಿ ಸೇರುವ ಬರಹಗಾರರಿಗೆಲ್ಲ ಹಂಚಿದ್ದರು. ಆ ದಿನ ಅವಳು ಉಬ್ಬಿಹೋಗಿದ್ದಳು.

ಕೆಲಸ ಬಂದರೆ ಫೋನು ಟಿಂಗ್ ಎನ್ನುತ್ತದೆ. ಎರಡು ನಿಮಿಷದೊಳಗೆ ಒಪ್ಪದಿದ್ದರೆ ಅದು ಬೇರೆಯವರ ಪಾಲು, ಒಪ್ಪಿದರೆ ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಬೇಕು. ಹಾಗಾಗಿ ಅವಳು ನೆಮ್ಮದಿಯಾಗಿ ಕೂತದ್ದೇ ಇಲ್ಲ. ಒಲೆಯ ಮುಂದೆ ಫೋನು, ಬಟ್ಟೆ ಹರವುವಾಗ ಹೆಗಲಿಗೂ ಕಿವಿಗೂ ನಡುವೆ ಫೋನು, ಬಚ್ಚಲಿನ ಗೂಟಕ್ಕೆ ಪ್ಲಾಸ್ಟಿಕ್ ಚೀಲದೊಳಗೆ ಫೋನು. ಟಿಂಗ್ ಎನ್ನದಿದ್ದರೂ ಟಿಂಗ್ ಎಂದಂತಾಗಿ ಎದ್ದು ಓಡುತ್ತಿದ್ದಳು.

ಮನೆಯಲ್ಲಿ ಅವಳೂ ಅಮ್ಮನೂ ಇಬ್ಬರೇ. ಅಮ್ಮನ ಕಣ್ಣು ಮಂಜಾಗಿ ಮೂರು ವರ್ಷ. ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು, ಡಾಕ್ಟರು ಕೈಚೆಲ್ಲಿದ್ದರು. ಹೊರಗೆ ಹತ್ತು ಹೆಜ್ಜೆ ಇಡಲು ಮಗಳ ತೋಳು ಬೇಕು. ಒಳಗೆ ಮಾತ್ರ ಅಮ್ಮನದೇ ದರ್ಬಾರು. ಹಾಸಿಗೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ, ಬಚ್ಚಲಿಗೆ ಒಂಬತ್ತು. ಒಂದು ತೊಟ್ಟು ಚೆಲ್ಲದೆ ಟೀ ಸೋಸುವಳು. ಸೋಸುತ್ತಲೇ ಬೈಯುವಳು: "ಇದೂ ಒಂದು ಮನೆ! ಏಳು ವರ್ಷ ಆಯ್ತು, ನಿಂಗೊಂದು ಒಳ್ಳೆ ಜಾಗ ಹುಡುಕೋಕಾಗ್ಲಿಲ್ಲ."

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟಿಂಗ್ ಎಂದಿತು. ಒಪ್ಪಿದಳು. ಫೋಟೋಗಳು ಅಗಲಪ್ಪನವು. ಅಗಲಪ್ಪ ಎಂದರೆ ಅವಳೇ ಇಟ್ಟ ಅಡ್ಡಹೆಸರು. ಆ ಫೋಟೋಗ್ರಾಫರನ ಲೆನ್ಸಿಗೆ ಸಿಕ್ಕರೆ ಬಚ್ಚಲೂ ಮದುವೆಮಂಟಪದಷ್ಟು ಅಗಲವಾಗುತ್ತದೆ. ಅವಳು ಬರೆಯತೊಡಗಿದಳು. 'ಅಚ್ಚುಕಟ್ಟಾದ ನೆಲಮಹಡಿ ಮನೆ. ಹಜಾರದ ತುಂಬ ಬೆಳಗಿನ ಬಿಸಿಲು.' ಬರೆಯುತ್ತ ಸಣ್ಣಗೆ ಹೊಟ್ಟೆ ಉರಿಯಿತು. ಯಾವ ಪುಣ್ಯವಂತರು ಸೇರುತ್ತಾರೋ ಎಂದುಕೊಂಡಳು. ನಾಲ್ಕನೆಯ ಫೋಟೋ ಅಡುಗೆಮನೆಯದು. ಒಲೆಯ ಮೇಲೆ ಕುಕ್ಕರು, ಅದರ ಹಿಡಿಗೆ ಸುತ್ತಿದ ಹಸಿರು ದಾರ. ಆ ದಾರ ಸುತ್ತಿದ್ದು ಅವಳೇ. ಅಷ್ಟರಲ್ಲಿ ಅದೇ ಕುಕ್ಕರು ಅವಳ ಬೆನ್ನ ಹಿಂದೆ ಸೀಟಿ ಹೊಡೆಯಿತು.

ಫೋಟೋ ನೋಡಿದಳು, ಒಲೆ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅಮ್ಮಾ, ನಿನ್ನೆ ನಾನು ಬ್ಯಾಂಕಿಗೆ ಹೋದಾಗ ಯಾರಾದ್ರೂ ಬಂದಿದ್ರಾ?"

"ಬಂದಿದ್ರಲ್ಲ, ನಿಮ್ಮ ಕಂಪನಿಯೋರು. ಒಳ್ಳೆ ಮನುಷ್ಯ. ನನ್ ಮಗಳೂ ಅಲ್ಲೇ ಅಂದೆ, ಹಾಗಾದ್ರೆ ಅವ್ರಿಗೆ ಗೊತ್ತೇ ಇರುತ್ತೆ ಬಿಡಿ ಅಂದ. ಟೀ ಮಾಡ್ಕೊಟ್ಟೆ. ಫೋಟೋದಲ್ಲಿ ನೀವು ಬರ್ತೀರಮ್ಮ, ಸ್ವಲ್ಪ ಹೊರಗೆ ಕೂತ್ಕೊಳ್ಳಿ ಅಂದ, ಕೂತ್ಕೊಂಡೆ."

"ಇದನ್ನ ನಂಗೆ ಹೇಳೋದಲ್ವಾ?"

"ನಿಮ್ಮ ಕಂಪನಿಯೋರು ಬಂದಿದ್ದನ್ನ ನಿಂಗೆ ನಾನು ಹೇಳ್ಬೇಕಾ?"

ಅದೂ ಸರಿಯೇ. ಅವಳು ಹೊರಗೆ ಬಂದು ಮನೆಯ ಓನರಿಗೆ ಫೋನು ಹಚ್ಚಿದಳು. ಓನರು ಕೆಮ್ಮಿದರು, ಹವಾಮಾನ ವಿಚಾರಿಸಿದರು, ಆಮೇಲೆ ವಿಷಯಕ್ಕೆ ಬಂದರು.

"ಪೂರ್ತಿ ಕಟ್ಟಡಾನೇ ಕಂಪನಿಗೆ ಒಪ್ಪಿಸಿಬಿಟ್ಟೆ ಕಣಮ್ಮ. ನಿಮಗೆ ಅವರೇ ಪತ್ರ ಕಳಿಸ್ತೀವಿ ಅಂದಿದ್ರು. ಮನೆ ಖಾಲಿ ಮಾಡೋಕೆ ಎರಡು ತಿಂಗಳು ಟೈಮ್ ಇದೆ."

"ಇಲ್ಲಿ ನಾವೇ ಇರ್ತೀವಿ ಸಾರ್. ಅವರ ಮೂಲಕಾನೇ ತಗೋತೀವಿ."

"ನಂಗೂ ಅದೇ ಸಂತೋಷ. ಆದ್ರೆ ಸಂಬಳದ ಚೀಟಿ ಇರೋರಿಗೆ ಮಾತ್ರ ಕೊಡೋದಂತೆ. ಬಿಡಿ ಕೆಲಸದೋರಿಗೆ ಇಲ್ವಂತೆ. ರೂಲ್ಸ್ ನಿಮ್ಮೋರದ್ದೇ ಅಲ್ವಾ, ನಿಮಗೇ ಗೊತ್ತಿರುತ್ತೆ."

ಅವಳಿಗೆ ಗೊತ್ತಿರಲಿಲ್ಲ. ನೂರಾರು ಮನೆಗಳಿಗೆ ವಿವರ ಬರೆದಿದ್ದಳು, ಯಾರಿಗೆ ಕೊಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಅಂಗಳದಲ್ಲಿ ಅತ್ತಿಂದಿತ್ತ ಸುತ್ತಿದಳು. ಗಡುವಿಗೆ ಎಂಟು ನಿಮಿಷ ಉಳಿದಿತ್ತು. ಒಳಗೆ ಬಂದು ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆದಳು. 'ಗೋಡೆಗಳಿಗೆ ತೇವ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಮುಚ್ಚುವುದಿಲ್ಲ. ನಲ್ಲಿ ಇಡೀ ದಿನ ತೊಟ್ಟಿಕ್ಕುತ್ತದೆ. ಪಕ್ಕದ ಮನೆಯ ಜಗಳ ಅಕ್ಷರ ಬಿಡದೆ ಕೇಳಿಸುತ್ತದೆ. ದಯವಿಟ್ಟು ಯಾರೂ ಬರಬೇಡಿ.' ಕೊನೆಯ ಸಾಲನ್ನು ತೆಗೆದು ಕಳಿಸಿದಳು.

ಆಫೀಸಿನಲ್ಲಿ ಕೆಲಸ ಹಂಚುವವನಿಂದ ಮೂರೇ ನಿಮಿಷಕ್ಕೆ ಸಂದೇಶ ಬಂತು. 'ಅಕ್ಕ, ಹುಷಾರಿಲ್ವಾ? ರೆಸ್ಟ್ ತಗೊಳ್ಳಿ. ಬೇರೆಯವ್ರಿಗೆ ಕೊಟ್ಟಿದೀನಿ.'

'ಅದು ನನ್ನ ಮನೆ' ಎಂದು ಬರೆದಳು.

'ವಾವ್, ಸ್ವಂತದ್ದಾ? ಸೂಪರ್ ಅಕ್ಕ! ಬೇಗ ಹೋಗುತ್ತೆ, ಚಿಂತೆ ಬೇಡ.'

ಅವಳು ಬಿಡಿಸಿ ಹೇಳಿದ ಮೇಲೆ ಅವನ ಉತ್ಸಾಹ ಇಳಿಯಿತು. ಪಾಪ, ಅವನು ಕೆಟ್ಟವನಲ್ಲ. ಮೇಲಿನವರನ್ನು ಕೇಳಿ ಸಂಜೆ ತಾನೇ ಫೋನು ಮಾಡಿದ. "ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮಗೊಬ್ರಿಗೆ ಸಡಿಲ ಮಾಡಿದ್ರೆ ನಾನೂರು ಜನಾನೂ ಕೇಳ್ತಾರೆ ಅಂತಾರೆ" ಎಂದ. ಆ ಹೊತ್ತಿಗೆ ಯಾರೋ ಇನ್ನೊಬ್ಬರು ಬರೆದ ವಿವರ ಹೊತ್ತು ಅವಳ ಮನೆ ಕಂಪನಿಯ ಆ್ಯಪಿನಲ್ಲಿ ಕೂತಾಗಿತ್ತು. ಅವಳು ತೆರೆದು ಓದಲಿಲ್ಲ. ಓದುವ ಧೈರ್ಯವಾಗಲಿಲ್ಲ.

ಅಮ್ಮನಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಹೊಸ ಮನೆಯಲ್ಲಿ ಅಮ್ಮ ಹೆಜ್ಜೆಗಳನ್ನು ಮತ್ತೆ ಒಂದರಿಂದ ಎಣಿಸಬೇಕು. ಈ ವಯಸ್ಸಿನಲ್ಲಿ ಎಷ್ಟು ಸಲ ಗೋಡೆಗೆ ಹಾಯಬೇಕೋ, ಎಲ್ಲಿ ಬೀಳುವಳೋ. "ಒಳ್ಳೆ ಮನೆ ಹುಡುಕು ಅಂತಿದ್ಯಲ್ಲ, ಹುಡುಕೋಣ ಬಾ" ಎಂದಷ್ಟೇ ಹೇಳಿ, ದಿನಾ ಸಂಜೆ ಬೇರೆ ಬೇರೆ ಕಡೆಯ ವಿವರಗಳನ್ನು ಓದತೊಡಗಿದಳು. ಏಳು ವರ್ಷ ಗೊಣಗಿದ ಅಮ್ಮ ಈಗ ಯಾವುದನ್ನೂ ಒಪ್ಪಲೊಲ್ಲಳು. ಒಂದಕ್ಕೆ ಮೆಟ್ಟಿಲು ಜಾಸ್ತಿ. ಇನ್ನೊಂದಕ್ಕೆ ಬಚ್ಚಲು ದೂರ. "ಬೇಸಿಗೆಯಲ್ಲೂ ತಂಪಂತೆ! ಕಿಟಕಿ ಇಲ್ಲ ಅಂತ ನೇರವಾಗಿ ಹೇಳೋಕೇನು ರೋಗ?" ಎಂದಾಗ ಮಗಳು ತುಟಿ ಕಚ್ಚಿಕೊಂಡಳು.

ಮೂರನೆಯ ವಾರದ ಒಂದು ಸಂಜೆ ಬೆರಳು ತಾನಾಗಿ ಕಂಪನಿಯ ಆ್ಯಪನ್ನು ಒತ್ತಿತು. ದಣಿದಿದ್ದಳು, ಫೋಟೋ ನೋಡದೆ ಓದುತ್ತ ಹೋದಳು. "ಅಚ್ಚುಕಟ್ಟಾದ ನೆಲಮಹಡಿ ಮನೆ. ಹೊಸಿಲಿನಿಂದ ಬಚ್ಚಲವರೆಗೆ ಒಂದೂ ಮೆಟ್ಟಿಲಿಲ್ಲ." ಮೂರನೆಯ ಸಾಲಿಗೆ ಬಂದಾಗ ಹೊಳೆಯಿತು. ಓದು ಅಲ್ಲೇ ನಿಂತಿತು.

"ಯಾಕೆ ನಿಲ್ಲಿಸ್ದೆ? ಓದು," ಎಂದಳು ಅಮ್ಮ. ಗೋಡೆಗೊರಗಿದ್ದವಳು ನೆಟ್ಟಗೆ ಕೂತಿದ್ದಳು.

ಓದಿದಳು. "ಹಜಾರದಲ್ಲಿ ಬೆಳಗಿನ ಬಿಸಿಲು ಹತ್ತೂವರೆಯವರೆಗೆ ಇರುತ್ತದೆ. ಅಡುಗೆಮನೆಯಲ್ಲಿ ನಿಂತಲ್ಲಿಂದಲೇ ಎಲ್ಲವೂ ಕೈಗೆ ಸಿಗುತ್ತದೆ. ಬಾಗಿಲ ಬಳಿ ಒಬ್ಬರು ಕೂರುವಷ್ಟು ಜಗುಲಿಯಿದೆ, ಬೀದಿಯಲ್ಲಿ ಹೋಗುವವರೊಡನೆ ಮಾತಾಡಬಹುದು. ವಯಸ್ಸಾದವರಿಗೆ ಹೇಳಿ ಮಾಡಿಸಿದಂತಿದೆ."

ಅಮ್ಮ ಮಗಳ ಮಣಿಕಟ್ಟು ತಡಕಿ ಹಿಡಿದುಕೊಂಡಳು.

"ಇದೇ ಇರ್ಲಿ ಕಣೆ. ನಾಳೆನೇ ಮಾತಾಡು. ಯಾರಾದ್ರೂ ಹಾರಿಸ್ಕೊಂಡು ಹೋದಾರು."

"ಅಮ್ಮಾ..."

"ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ಇರೋ ನಾಲ್ಕು ದಿನ ಇಂಥ ಕಡೆ ಇರೋಣ."

ಫೋನು ಮಡಿಲಿಗೆ ಬಿತ್ತು. ಅದು ಟಿಂಗ್ ಎಂದಿತು, ಮತ್ತೊಮ್ಮೆ ಎಂದಿತು. ಇದೇ ಮೊದಲ ಸಲ ಅವಳು ಅತ್ತ ತಿರುಗಲಿಲ್ಲ.

"ಅಮ್ಮ, ಅದು ಈ ಮನೆನೇ. ನಮ್ಮನ್ನ ಖಾಲಿ ಮಾಡಿಸ್ತಿದಾರೆ. ಅವತ್ತು ಫೋಟೋ ತೆಗೆಯೋಕೆ ಬಂದಿದ್ದು ಅದಕ್ಕೇ."

ಅಮ್ಮ ಕೈ ಬಿಡಲಿಲ್ಲ. ಕಾಣದ ಕಣ್ಣನ್ನು ಹಜಾರದ ಉದ್ದಕ್ಕೂ ನಿಧಾನವಾಗಿ ಹಾಯಿಸಿದಳು, ಕಿಟಕಿಯ ಕಡೆ, ಅಡುಗೆಮನೆಯ ಕಡೆ, ಬಾಗಿಲ ಕಡೆ.

"ಹೌದಾ?" ಎಂದಳು. "ನಮ್ಮನೆ ಇಷ್ಟು ಚೆನ್ನಾಗಿತ್ತಾ?"