ಇಬ್ಬನಿಯಲ್ಲಿ ಬಿದ್ದ ದಾರಿ

ಮಾಂಸಕ್ಕೆಂದು ದನ ಸಾಕುವ ಆ ಹುಲ್ಲುಗಾವಲಿನಲ್ಲಿ ನಾನೂ ನಮ್ಮ ಭಾವನೂ ಹದಿನೇಳು ವರ್ಷ ಕೂಡಿ ದುಡಿದೆವು. ಅಕ್ಕನ ಗಂಡ ಅವರು. ದೊಡ್ಡ ದನ ಅವರ ಪಾಲು, ಹಾಲು ಬಿಡಿಸಿದ ಕರುಗಳು ನನ್ನ ಪಾಲು.

ಒಂದು ಮಳೆಗಾಲದ ಕೊನೆಗೆ ಕರುಗಳಿಗೆ ಕೆಮ್ಮು ಹಿಡಿಯಿತು. ಮೊದಲು ಓಡಿದಾಗ ಮಾತ್ರ, ಆಮೇಲೆ ನಿಂತಲ್ಲೇ. ಕತ್ತು ಚಾಚಿ, ನಾಲಿಗೆ ಹೊರಹಾಕಿ ನಿಲ್ಲುತ್ತಿದ್ದವು. ಪಕ್ಕೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಿತ್ತು. ಮೂರು ಸತ್ತ ಮೇಲೆ ಯಜಮಾನರು ಕೊಟ್ಟಿಗೆಗೇ ಬಂದರು.

"ಏನಪ್ಪಾ ಇದು?"

"ತೂಕ ಹಾಕೋ ದಿನ ಭಾವ ಕರುಗಳನ್ನ ಮಳೇಲೇ ಓಡಿಸ್ಕೊಂಡು ಬಂದ್ರು. ಶೀತ ಎದೆಗಿಳಿದಿರ್ಬೇಕು" ಅಂದೆ.

ಓಡಿಸಿದ್ದು ಸುಳ್ಳಲ್ಲ. ಆದರೆ ಅದಕ್ಕೆ ನಾಲ್ಕು ದಿನ ಮೊದಲೇ ನಾನು ಕೆಮ್ಮು ಕೇಳಿದ್ದೆ. ಭಾವ ಮೇವಿನ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ. ಮರುದಿನದಿಂದ ಅವರಿಗೆ ಕೆಲಸವಿರಲಿಲ್ಲ.

ನಾಲ್ಕನೆಯದು ಸತ್ತಾಗ ದನದ ಡಾಕ್ಟರಮ್ಮ ಬಂದು ಕೊಯ್ದು ನೋಡಿದರು. ಉಸಿರಿನ ಕೊಳವೆಯನ್ನು ಕತ್ತರಿಯಿಂದ ಉದ್ದಕ್ಕೂ ಸೀಳಿದರು. ನೊರೆಯ ನಡುವೆ ಬಿಳಿ ಹುಳು, ಹೊಲಿಗೆ ದಾರದ ಗೋಜಲಿನಂತೆ.

"ಶೀತ ಅಲ್ಲಣ್ಣ, ಶ್ವಾಸಕೋಶದ ಹುಳ. ದೊಡ್ಡ ದನದ ಸಗಣೀಲಿ ಇದರ ಮರಿ ಇರುತ್ತೆ, ಒದ್ದೆ ಹುಲ್ಲಿಗೆ ಹತ್ತುತ್ತೆ. ಕರು ಅದನ್ನೇ ಮೇಯುತ್ತೆ. ಇಬ್ಬನಿ ಆರೋ ಮೊದಲು ಕೆಳಗಿನ ಜೌಗಿಗೆ ಬಿಡ್ತಿದ್ರಾ?"

"ಇಲ್ಲ" ಅಂದೆ.

ದಿನವೂ ಬಿಡುತ್ತಿದ್ದೆ. ಮೇಲಿನ ಬಯಲಿಗೆ ಹೊಡೆದರೆ ಬಾವಿಯಿಂದ ತೊಟ್ಟಿಗೆ ನೀರು ಸೇದಬೇಕು. ದೊಡ್ಡ ದನ ಮೇದು ಬಿಟ್ಟ ಜೌಗಿನಲ್ಲಿ ನೀರು ಅಲ್ಲೇ ಇತ್ತು. ಭಾವ ಎರಡು ಸಲ ಗದರಿದ್ದರು: "ಬಿಸಿಲೇರಲಿ ತಡಿಯೋ. ಒದ್ದೆ ಹುಲ್ಲು ಎಳೇ ಕರುಗೆ ಆಗಲ್ಲ. ನಿನ್ನ ಬೆನ್ನೇನು ಬೆಣ್ಣೇಲಿ ಮಾಡಿದ್ದಾ?"

ಡಾಕ್ಟರಮ್ಮನ ಔಷಧಿಗೆ ಉಳಿದ ಕರುಗಳು ಚೇತರಿಸಿಕೊಂಡವು. ಅವರು ಬಂದು ಹೋದ ಒಂಬತ್ತನೆಯ ದಿನ ಅಕ್ಕನ ಮನೆಗೆ ಹೋದೆ.

"ಏನೋ, ದಾರಿ ತಪ್ಪಿ ಬಂದ್ಯಾ?" ಎಂದು ಅಕ್ಕ ಟೀಗಿಡಲು ಒಳಗೆ ಹೋದಳು. ಭಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು.

"ಭಾವ, ಅದು ಜೌಗಿನ ಹುಳ. ಕರುಗಳನ್ನ ಅಲ್ಲಿಗೆ ಬಿಟ್ಟಿದ್ದು ನಾನು."

"ಗೊತ್ತು." ಕೈ ನಿಲ್ಲಲಿಲ್ಲ. "ದಿನಾ ಬೆಳಿಗ್ಗೆ ಇಬ್ಬನಿ ಮೇಲೆ ಜೌಗಿನ ತನಕ ಕಪ್ಪು ದಾರಿ ಬಿದ್ದಿರ್ತಿತ್ತು. ಕರುಗಳ ಗೊರಸು, ಹಿಂದೆ ನಿನ್ನ ಚಪ್ಪಲಿ."

"ಮತ್ತೆ ಅವತ್ತು ಯಾಕೆ ಸುಮ್ನಿದ್ರಿ?"

"ನೀನೇ ಹೇಳ್ತೀಯ ಅಂತ ಕಾದೆ ಕಣೋ. ಆಮೇಲೆ ಕಾಯೋದೇ ಅಭ್ಯಾಸ ಆಯ್ತು." ಒಳಗೆ ಲೋಟದ ಸದ್ದಾಯಿತು. ದನಿ ತಗ್ಗಿಸಿದರು. "ನಿಮ್ಮಕ್ಕಂಗೆ ಹೇಳ್ಬೇಡ. ಅವಳಿಗಿರೋದು ಒಬ್ಬನೇ ತಮ್ಮ."

ಮರುದಿನ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಮತ್ತೆ ಕೆಲಸಕ್ಕೆ ಬರುವಂತೆ ಭಾವನಿಗೆ ಹೇಳಿ ಕಳಿಸಿದರು. ಭಾವ ಬರಲಿಲ್ಲ, ಹಗ್ಗ ಹೊಸೆಯೋದೇ ಸಾಕು ಅಂದರಂತೆ. ಕರು ಬಲ್ಲ ಆಳು ಬೇರೆ ಇಲ್ಲವೆಂದು ಯಜಮಾನರು ನನ್ನನ್ನು ಇಟ್ಟುಕೊಂಡರು. ಕೆಲಸ ಬಿಡಿಸಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಅಂದು ಅಕ್ಕನ ಮನೆಯಿಂದ ಹೊರಡುವಾಗ ಭಾವ ಹೊಸೆದು ಮುಗಿಸಿದ ಹಗ್ಗವನ್ನು ಸುತ್ತಿ ನನ್ನ ಹೆಗಲಿಗೆ ಹಾಕಿದ್ದರು. "ತಗೋ. ಮೇಲಿನ ಬಾವಿ ಆಳ ಇದೆ."

ಆಮೇಲೆ ದಿನವೂ ಬಿಸಿಲೇರುವ ತನಕ ಕಾದು ಕರುಗಳನ್ನು ಮೇಲಿನ ಬಯಲಿಗೆ ಹೊಡೆದೆ. ಆ ಹಗ್ಗದಲ್ಲೇ ಮೂರು ವರ್ಷ ನೀರು ಸೇದಿದೆ. ಹಗ್ಗ ಸವೆಯಿತು.