ರಾಧಾಮಣಿಯ ಎಡಗೈ ಹೆಬ್ಬೆಟ್ಟು

ಚನ್ನಪಟ್ಟಣದ ತಾಲ್ಲೂಕು ಕಚೇರಿಯ ಎದುರು ನಾನು ಇಪ್ಪತ್ತೇಳು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ. ಎಂಟಡಿ ಅಗಲದ ಅಂಗಡಿಗೆ 'ದಯಾನಂದ್ ಆನ್‌ಲೈನ್ ಸೆಂಟರ್' ಎಂಬ ಬೋರ್ಡೂ ಇದೆ. ಜನ ಬೇರೆಲ್ಲ ಕಡೆ ಹೋಗಿ ಬೈಸಿಕೊಂಡ ಮೇಲೆ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ನಾನು ಮತ್ತೆ ಬೈಯುವುದಿಲ್ಲ. ಕುರ್ಚಿ ತೋರಿಸುತ್ತೇನೆ, ಅಷ್ಟೇ.

ರಾಧಾಮಣಿ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ನಲವತ್ತರ ಆಸುಪಾಸಿನ ಹೆಂಗಸು, ತಾಜ್ ಪಾಷಾ ಅವರ ಘಟಕದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಕೈಯಲ್ಲಿ ಆಗ ತಾನೇ ಎಂಟ್ರಿ ಹಾಕಿಸಿದ ಪಾಸ್‌ಬುಕ್ಕಿತ್ತು.

"ಒಸಿ ಇದ್ರಲ್ಲಿ ಏನ್ ಬರ್ದೈತೆ ನೋಡಣ್ಣ," ಅಂದಳು. "ನಾನು ತಕ್ಕಂಡಿಲ್ದೆ ಇರೋ ದುಡ್ಡ ನಾನೇ ತಕ್ಕಂಡಿದೀನಿ ಅಂತೈತೆ."

ನೋಡಿದೆ. ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನ, ದಿನಕ್ಕೆ ಒಂಬತ್ತು ಸಾವಿರದ ಐನೂರರಂತೆ ಮೂವತ್ತೆಂಟು ಸಾವಿರ ಹೋಗಿತ್ತು. ಉಳಿದದ್ದು ಇನ್ನೂರ ಹನ್ನೆರಡು ರೂಪಾಯಿ. ದುಡ್ಡು ತೆಗೆದದ್ದು ದೂರದ ಯಾವುದೋ ರಾಜ್ಯದ ಒಂದು ಅಂಗಡಿಯಲ್ಲಿ. ಇಂಥ ಅಂಗಡಿಗಳಲ್ಲಿ ಕಾರ್ಡೂ ಬೇಡ, ಪಿನ್ನೂ ಬೇಡ. ಆಧಾರ್ ನಂಬರ್ ಹೇಳಿ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಸಾಕು, ಖಾತೆಯಲ್ಲಿರುವ ಹಣ ಕೈಗೆ ಬರುತ್ತದೆ. ಯಾರ ಕೈಗೆ ಎಂದು ಯಂತ್ರ ಕೇಳುವುದಿಲ್ಲ.

"ನಿನ್ನ ಹೆಬ್ಬೆಟ್ಟಿಂದ ತೆಗೆದಿದ್ದಾರೆ ಕಣಮ್ಮ."

ಅವಳು ತನ್ನ ಎಡಗೈ ಎತ್ತಿ ನೋಡಿಕೊಂಡಳು. ನಾನೂ ನೋಡಿದೆ. ಹದಿನೆಂಟು ವರ್ಷ ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿದ ಕೈ. ಬೆರಳ ತುದಿಗಳು ಬೆಳ್ಳಗೆ ನುಣ್ಣಗೆ ಆಗಿದ್ದವು. ಗೆರೆ ಎನ್ನುವುದು ಎಲ್ಲೂ ಇರಲಿಲ್ಲ.

"ಇದ್ರಿಂದ್ಲಾ?" ಅಂದಳು. "ರೇಷನ್ ಅಂಗ್ಡೀಲಿ ಒಂಬತ್ತು ವರ್ಸದಿಂದ ಒತ್ತುತಾ ಇದೀನಿ. ಒಂದು ದಿನ ಅಕ್ಕಿ ಕೊಟ್ಟಿಲ್ಲ ಇದು."

ಆ ದುಡ್ಡು ಯಾವುದಕ್ಕೆ ಎಂದು ಕೇಳಿದೆ. ಲೇಥಿಗೆ ಅಂದಳು. ಲೇಥಿನಲ್ಲಿ ಮರದ ಗೊಂಬೆ ಕಡೆಯುವ ತರಬೇತಿ ಮುಗಿಸಿದ್ದಳು. ದಿಲ್ಶಾದ್ ಎಂಬಾಕೆ ತನ್ನ ಹಳೆಯ ಲೇಥ್ ಯಂತ್ರವನ್ನು ಮೂವತ್ತೆಂಟು ಸಾವಿರಕ್ಕೆ ಕೊಡಲು ಒಪ್ಪಿ, ತಿಂಗಳ ಕೊನೆಯ ತನಕ ಕಾಯುತ್ತೇನೆ ಎಂದಿದ್ದಳು. ಲೇಥ್ ಬಂದರೆ ರಾಧಾಮಣಿ ಬಿಸಿನೀರಿಗೆ ಕೈ ಹಾಕುವುದನ್ನು ಬಿಡಬಹುದಿತ್ತು. ಮೂರು ವರ್ಷ ಅದಕ್ಕೆಂದೇ ಕೂಡಿಟ್ಟ ಹಣ ಅದು.

ಅವತ್ತೇ ಸೈಬರ್ ಸಹಾಯವಾಣಿಗೆ ಫೋನ್ ಮಾಡಿಸಿದೆ, ರಾಮನಗರದಲ್ಲಿ ಪೊಲೀಸರಿಗೆ ದೂರು ಕೊಡಿಸಿದೆ. ಬ್ಯಾಂಕಿಗೆ ಎರಡೂವರೆ ಪುಟದ ಅರ್ಜಿ ಬರೆದೆ. ತಪ್ಪು ಗ್ರಾಹಕರದ್ದಲ್ಲದಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ಅವರ ತಲೆಗೆ ಕಟ್ಟುವಂತಿಲ್ಲ ಎಂಬ ಸುತ್ತೋಲೆಯನ್ನೂ ಪಿನ್ ಹೊಡೆದು ಲಗತ್ತಿಸಿದೆ. ಅರ್ಜಿ ಚೆನ್ನಾಗಿತ್ತು. ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ.

ಬ್ಯಾಂಕ್ ಮ್ಯಾನೇಜರ್ ದಿವ್ಯ ಎಂಬ ಮೂವತ್ತು ದಾಟದ ಹುಡುಗಿ. ಅರ್ಜಿಯನ್ನು ಪೂರ್ತಿ ಓದಿದರು. ಅದಕ್ಕೇ ನನಗೆ ಅರ್ಧ ಗೌರವ ಬಂತು. ಉಳಿದರ್ಧ ಬರುವಷ್ಟರಲ್ಲಿ ಬಾಯಿ ತೆರೆದರು.

"ಇದು ಅನಧಿಕೃತ ವಹಿವಾಟಿಗೆ ಅನ್ವಯ ಆಗೋ ಸುತ್ತೋಲೆ ಸರ್. ಇಲ್ಲಿ ಹೆಬ್ಬೆಟ್ಟು ಹೊಂದಿಕೆಯಾಗಿದೆ ಅಂತ ಸಿಸ್ಟಂ ತೋರಿಸ್ತಿದೆ. ಹೆಬ್ಬೆಟ್ಟು ಇವರದ್ದೇ ಅಲ್ವಾ?"

"ಇವಳ ಹೆಬ್ಬೆಟ್ಟು ಯಾವ ಯಂತ್ರಕ್ಕೂ ಹೊಂದುವುದಿಲ್ಲ ಮೇಡಂ."

"ಹಾಗಾದ್ರೆ ಅದಕ್ಕೆ ದಾಖಲೆ ಕೊಡಿ."

ನಾನು ಬದುಕಿರುವವರು ಬದುಕಿದ್ದಾರೆಂದು ಸಾಬೀತು ಮಾಡಿದ್ದೇನೆ. ಒಬ್ಬನೇ ಮನುಷ್ಯನ ಎರಡು ಹೆಸರು ಒಂದೇ ಎಂದು ಅಫಿಡವಿಟ್ ಮಾಡಿಸಿದ್ದೇನೆ. ಒಬ್ಬಳಿಗೆ ಹೆಬ್ಬೆಟ್ಟಿಲ್ಲ ಎಂದು, ಅದೂ ಹೆಬ್ಬೆಟ್ಟು ಕಣ್ಣೆದುರೇ ಇರುವಾಗ, ಸಾಬೀತು ಮಾಡುವ ಕೆಲಸ ಇದೇ ಮೊದಲು. ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಪಟ್ಟಿ ಮಾಡುತ್ತೇನೆ, ಈ ಸಲವೂ ಅದನ್ನೇ ಮಾಡಿದೆ.

ರೇಷನ್ ಅಂಗಡಿಯ ಚನ್ನಲಿಂಗಪ್ಪ ಮೊದಲು ಒಪ್ಪಲಿಲ್ಲ. ಸರ್ಕಾರದ ಯಂತ್ರದ ಮೇಲೆ ದೂರು ಬರೆದುಕೊಟ್ಟಂತಾಗುತ್ತದೆ ಎಂಬ ಭಯ. ದೂರು ಯಂತ್ರದ ಮೇಲಲ್ಲ, ಬೆರಳಿನ ಮೇಲೆ ಎಂದು ವಿವರಿಸಿದ ಮೇಲೆ ಬರೆದುಕೊಟ್ಟ: 'ಸದರಿಯವರ ಹತ್ತೂ ಬೆರಳುಗಳನ್ನು ಪ್ರತಿ ತಿಂಗಳೂ ಪರೀಕ್ಷಿಸಲಾಗಿದ್ದು, ಒಂದೂ ತೇರ್ಗಡೆಯಾಗಿರುವುದಿಲ್ಲ.' ಬೆರಳಿನ ಬದಲು ಫೋನಿಗೆ ಬಂದ ಓಟಿಪಿ ಮೇಲೆ ಅಕ್ಕಿ ಕೊಟ್ಟ ತಿಂಗಳುಗಳ ಪಟ್ಟಿಯನ್ನೂ ಕೊಟ್ಟ.

ಮುಂದಿನ ಪ್ರಶ್ನೆ, ಇಲ್ಲದ ಹೆಬ್ಬೆಟ್ಟು ಕಳ್ಳನಿಗೆ ಸಿಕ್ಕಿದ್ದೆಲ್ಲಿಂದ ಎಂಬುದು. ಆಧಾರ್ ಮಾಡಿಸುವಾಗ ಅವಳ ಗೆರೆಗಳು ಇನ್ನೂ ಪೂರ್ತಿ ಅಳಿದಿರಲಿಲ್ಲ. ಹೆಬ್ಬೆಟ್ಟು ಸವೆಯುವ ಮೊದಲು ಎಲ್ಲೆಲ್ಲಿ ಒತ್ತಿದ್ದೆ, ನೆನಪು ಮಾಡಿಕೋ ಎಂದೆ. ಬೆರಳು ಮಡಚುತ್ತ ವರ್ಷ ಎಣಿಸಿದಳು.

"ಅಪ್ಪನ್ ಜಮೀನು ಅಣ್ಣಂಗೆ ಬುಟ್ಕೊಟ್ನಲ್ಲ, ಅವಾಗ. ನಂಗೆ ಹತ್ತೊಂಬತ್ತು."

ಅಣ್ಣ ಬಾಲರಾಜು ವಿರೂಪಾಕ್ಷಿಪುರದ ಕಡೆ ಒಕ್ಕಲುತನ ಮಾಡಿಕೊಂಡಿದ್ದಾನೆ. ಫೋನ್ ಮಾಡಿದರೆ ಸಂಕೋಚದಿಂದ ಒಂದು ಕವರ್ ಹಿಡಿದುಕೊಂಡು ಬಂದ. ಹೋದ ವರ್ಷ ಟ್ರ್ಯಾಕ್ಟರ್‌ಗೆಂದು ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಸಾಲ ತೆಗೆದಿದ್ದ. ತಂಗಿಯ ಆಧಾರ್ ಪ್ರತಿ, ಅವಳು ಒತ್ತಿಕೊಟ್ಟ ಹಕ್ಕು ಬಿಡುಗಡೆ ಪತ್ರ, ಎಲ್ಲ ಅಲ್ಲಿ ಕೊಟ್ಟಿದ್ದ. ಎರಡು ತಿಂಗಳ ಹಿಂದೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದಿತ್ತು.

"ಸಾಲ ಕಟ್ಟು ಅಂತ ಬರ್ದವ್ರೆ ಅನ್ಕಂಡು ಎತ್ತಿಟ್ಬುಟ್ಟೆ," ಅಂದ.

ಸಾಲದ ವಿಷಯವೇ ಅದರಲ್ಲಿರಲಿಲ್ಲ. ಕೆಲವು ಗ್ರಾಹಕರ ದಾಖಲೆಗಳು ಅನ್ಯರ ಪಾಲಾಗಿವೆ, ವಿಷಾದಿಸುತ್ತೇವೆ, ನಿಮ್ಮ ಗೌಪ್ಯತೆ ನಮಗೆ ಮುಖ್ಯ ಎಂದು ಬರೆದಿದ್ದರು. ಜೊತೆಗೆ ಐನೂರು ರೂಪಾಯಿಯ ಗಿಫ್ಟ್ ವೋಚರ್. ರಾಧಾಮಣಿಗೂ ಪರಿಹಾರ ಕೊಡಿ ಎಂದು ಕಂಪನಿಗೆ ಬರೆದೆ. ಅವರು ನಮ್ಮ ಗ್ರಾಹಕರಲ್ಲವಾದ್ದರಿಂದ ಅವರ ಗೌಪ್ಯತೆಗೆ ನಾವು ಹೊಣೆಯಲ್ಲ ಎಂದು ಉತ್ತರ ಬಂತು. ಉತ್ತರ ಎರಡೇ ದಿನದಲ್ಲಿ ಬಂತು. ಇಲ್ಲ ಎನ್ನುವ ಉತ್ತರಗಳು ತಡವಾಗಿ ಬಂದದ್ದನ್ನು ನಾನು ನೋಡಿಲ್ಲ.

ಬಾಲರಾಜುವಿನ ಕವರಿನಲ್ಲಿದ್ದ ಬಿಡುಗಡೆ ಪತ್ರದ ಜೆರಾಕ್ಸಿನಲ್ಲಿ ಹೆಬ್ಬೆಟ್ಟಿನ ಗುರುತು ಎಷ್ಟು ಚೆನ್ನಾಗಿತ್ತೆಂದರೆ ಗೆರೆ ಎಣಿಸಬಹುದಿತ್ತು. ಇಂಥದ್ದನ್ನು ರಬ್ಬರಿನ ಮೇಲೆ ಇಳಿಸಿ ಯಂತ್ರಕ್ಕೆ ಒತ್ತುತ್ತಾರೆಂದು ಪೊಲೀಸರು ಹೇಳಿದ್ದರು. ಎಲ್ಲವನ್ನೂ ಕಡತ ಮಾಡಿ ದಿವ್ಯ ಮೇಡಂಗೆ ಕೊಟ್ಟೆ. ಮುಂದಿನ ಸೋಮವಾರ ಬನ್ನಿ, ನಮ್ಮ ಯಂತ್ರದಲ್ಲೇ ಪರೀಕ್ಷೆ ಮಾಡೋಣ, ಹೊಂದದಿದ್ದರೆ ಮೇಲಿನವರಿಗೆ ಶಿಫಾರಸು ಮಾಡ್ತೀನಿ ಎಂದರು. ಹೊಂದಿದರೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂಗಡಿಗೆ ವಾಪಸು ಬಂದು ಸುಮ್ಮನೆ ನನ್ನಲ್ಲಿರುವ ಹೆಬ್ಬೆಟ್ಟು ಯಂತ್ರದಲ್ಲಿ ಒಮ್ಮೆ ಒತ್ತಿಸಿ ನೋಡಿದೆ. ಮೊದಲ ಸಲ ಕೆಂಪು ದೀಪ, ಹೊಂದಲಿಲ್ಲ. ಎರಡನೇ ಸಲ ಕೆಂಪು. ಮೂರನೇ ಸಲ ಹಸಿರು.

ಇಬ್ಬರೂ ಆ ಹಸಿರು ದೀಪ ಆರುವ ತನಕ ಅದನ್ನೇ ನೋಡುತ್ತ ಕುಳಿತೆವು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಚೇರಿಗಳಿಗೆ ಅಲೆಯುತ್ತ ಹನ್ನೊಂದು ದಿನ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಹನ್ನೊಂದು ದಿನ ಆ ಕೈ ಬಿಸಿನೀರು ಕಂಡಿರಲಿಲ್ಲ. ಚರ್ಮ ತನ್ನ ಪಾಡಿಗೆ ತಾನು ವಾಸಿಯಾಗತೊಡಗಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ಸಂತೋಷಪಡುವ ವಿಷಯ.

"ಎಷ್ಟ್ ದಿನ ಐತೆ ಸೋಮವಾರಕ್ಕೆ?" ಅಂದಳು.

"ಐದು ದಿನ."

"ಸಾಕು," ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಇದು ಮೋಸವೇ ಎಂದು ನಾನು ಅವತ್ತು ಸಂಜೆಯೆಲ್ಲ ಯೋಚಿಸಿದೆ. ಅಲ್ಲ. ಅವಳು ಮಾಡಲು ಹೊರಟದ್ದು ಹದಿನೆಂಟು ವರ್ಷ ಮಾಡಿದ ಕೆಲಸವನ್ನೇ. ಹೀಗೆ ಸಮಾಧಾನ ಮಾಡಿಕೊಂಡೆ, ಆದರೂ ಮನಸ್ಸಿಗೆ ಸಂಕಟವಾಗುತ್ತಿತ್ತು. ಬಿಸಿನೀರಿನಿಂದ ಕೈ ತೆಗೆಯಲು ಕೂಡಿಟ್ಟ ದುಡ್ಡು ವಾಪಸು ಬರಬೇಕಾದರೆ ಆ ಕೈಯನ್ನು ಮತ್ತೆ ಬಿಸಿನೀರಿಗೇ ಹಾಕಬೇಕಿತ್ತು. ಈ ದಾರಿ ತೋರಿಸಿದ್ದು ನನ್ನ ಅರ್ಜಿ.

ಶನಿವಾರ ತಾಜ್ ಪಾಷಾ ಟೀ ಅಂಗಡಿಯಲ್ಲಿ ಸಿಕ್ಕರು. ಸಾಧು ಮನುಷ್ಯ, ಕೂಲಿ ತಡ ಮಾಡುವವರಲ್ಲ.

"ಏನ್ ದಯಾನಂದಣ್ಣ ಇದು," ಅಂದರು. "ನೀರು ಇನ್ನೂ ಒಸಿ ಕಾಯ್ಲಿ ಅಂತಾಳೆ ರಾಧಾಮಣಿ. ಇಷ್ಟ್ ವರ್ಸದಲ್ಲಿ ಯಾರೂ ನಂಗೆ ಹಂಗೆ ಕೇಳಿಲ್ಲ. ನಾನು ಕಾಯ್ಸಲ್ಲ ಅಂದೆ. ಅದ್ಕೆ ಊಟದ್ ಹೊತ್ತಲ್ಲೂ ಎದ್ದೇಳ್ತಾ ಇಲ್ಲ."

ಟೀ ಲೋಟ ಕೆಳಗಿಟ್ಟು ಎದ್ದುಬಂದೆ.

ಸೋಮವಾರ ಬ್ಯಾಂಕಿನಲ್ಲಿ ದಿವ್ಯ ಮೇಡಂ ಅವಳ ಬೆರಳುಗಳನ್ನು ನೋಡಿದರು. ಹೆಬ್ಬೆಟ್ಟಿನ ಮೇಲೆ ಗುಳ್ಳೆ ಎದ್ದು ಒಡೆದಿತ್ತು. ನೋವಾದರೆ ಬೇಡ ಎಂದರು. ರಾಧಾಮಣಿ ತಾನೇ ಯಂತ್ರವನ್ನು ಹತ್ತಿರ ಎಳೆದುಕೊಂಡು ಒತ್ತಿದಳು. ಕೆಂಪು. ಹತ್ತು ಸಲ ಒತ್ತಿದಳು, ಹತ್ತು ಸಲವೂ ಕೆಂಪು. ಉಳಿದ ಬೆರಳುಗಳೂ ಅಷ್ಟೇ. ಕೆಂಪು ದೀಪ ಕಂಡು ನೆಮ್ಮದಿಯಾದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಆಮೇಲೆ ಮೇಡಂ ಬಿಡುಗಡೆ ಪತ್ರದ ಜೆರಾಕ್ಸನ್ನು ಅವಳ ಕಡೆ ತಿರುಗಿಸಿದರು. "ಇದರಲ್ಲಿರೋ ಹೆಬ್ಬೆಟ್ಟು ನಿಮ್ಮದೇನಾ?"

ಇಂಥ ಪ್ರಶ್ನೆಗೆಲ್ಲ ಅರ್ಜಿಯಲ್ಲಿ ಇರುವಂತೆ ಎಂದಷ್ಟೇ ಹೇಳಬೇಕೆಂದು ನಾನು ತಾಕೀತು ಮಾಡಿದ್ದೆ.

"ನಂದೇ," ಅಂದಳು ರಾಧಾಮಣಿ. "ಇವಾಗ ನನ್ ತಾವ ಇಲ್ಲ."

ಮೇಡಂ ಫೋನ್ ತೆಗೆದುಕೊಂಡು ಒಳಗೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಒಂದೇ ಪತ್ರದ ಮೂರು ಪ್ರತಿ ಹಿಡಿದು ಬಂದರು. ಮುಖ ಗೆಲುವಾಗಿತ್ತು. ಮೂವತ್ತೆಂಟು ಸಾವಿರ ಇವತ್ತೇ ಖಾತೆಗೆ ಹಾಕುತ್ತೇವೆ, ಇಲ್ಲಿ ಸಹಿ ಮಾಡಿ ಎಂದರು. ನನಗೆ ನಿಜವಾಗಿ ಖುಷಿಯಾಯಿತು. ಅದೇ ತಿಂಗಳ ಕೊನೆಯ ದಿನ. ದಿಲ್ಶಾದ್ ಹತ್ತಿರ ರಾಮನಗರದವನೊಬ್ಬ ಆಗಲೇ ಲೇಥ್ ನೋಡಿಕೊಂಡು ಹೋಗಿದ್ದ, ಮರುದಿನ ಬೆಳಿಗ್ಗೆ ಬರುವವನಿದ್ದ. ನನ್ನ ಪೆನ್ನನ್ನೇ ತೆರೆದು ಅವಳ ಕೈಗೆ ಕೊಟ್ಟೆ.

ಅವಳು ಸಹಿ ಮಾಡಲಿಲ್ಲ, ಓದತೊಡಗಿದಳು. ಏಳನೇ ಕ್ಲಾಸಿನ ಓದು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ. ಹಿಂದೆ ಕ್ಯೂ ಬೆಳೆಯಿತು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

'ಸದರಿ ಮೊತ್ತವನ್ನು ಪಡೆದ ಮೇಲೆ ಈ ಬಗ್ಗೆ ನನಗೆ ಇನ್ನು ಮುಂದೆ ಯಾವುದೇ ಹಕ್ಕು ಇರುವುದಿಲ್ಲವೆಂದು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.'

"ಅಣ್ಣ, ಹನ್ನೊಂದು ದಿನದ ಕೂಲಿ ಹೋಯ್ತಲ್ಲ. ಅದನ್ನ ಆಮ್ಯಾಕೆ ಕೇಳ್ಬೋದಾ?"

"ಇದಕ್ಕೆ ಸಹಿ ಹಾಕಿದರೆ ಕೇಳುವ ಹಾಗಿಲ್ಲ," ಎಂದೆ. ಮೆಲ್ಲಗೆ, "ಹಾಕಿಬಿಡು ಕಣಮ್ಮ, ಲೇಥ್ ಹೋಗಿಬಿಡುತ್ತೆ," ಅಂತಲೂ ಅಂದೆ. ಅಂದೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನೇ ಎಷ್ಟೋ ಹೆಣ್ಣುಮಕ್ಕಳ ಬಿಡುಗಡೆ ಪತ್ರಗಳಲ್ಲಿ ಈ ಸಾಲು ಟೈಪ್ ಮಾಡಿದ್ದೇನೆ. ಸ್ವಇಚ್ಛೆಯಿಂದ ಎಂಬ ಪದ ನನ್ನ ಬೆರಳಿಗೆ ಬಾಯಿಪಾಠ.

ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಈ ಮಾತ ಹತ್ತೊಂಬತ್ತು ವರ್ಸದೋಳಿದ್ದಾಗ ಒಂದ್ಸಲ ಬರ್ಕೊಟ್ಟಿದೀನಿ ಮೇಡಂ," ಅಂದಳು. ದನಿ ಏರಿಸಲಿಲ್ಲ. "ಇನ್ನೊಂದ್ಸಲ ಬರ್ಕೊಡಲ್ಲ."

ದಿವ್ಯ ಮೇಡಂ ಅವಳನ್ನು ನೋಡಿದರು, ಅವಳ ಕೈ ನೋಡಿದರು. ಇದು ಮೇಲಿನಿಂದ ಬಂದ ನಮೂನೆ ಎಂದರು. ರಾಧಾಮಣಿ ಕುರ್ಚಿಯಿಂದ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗಿತ್ತು, ನಾಲ್ಕಕ್ಕೆ ಕೌಂಟರ್ ಮುಚ್ಚುತ್ತದೆ.

ಕೊನೆಗೆ ಮೇಡಂ ನನ್ನ ಪೆನ್ನನ್ನೇ ಎತ್ತಿಕೊಂಡು ಆ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ಕೂಲಿಯ ವಿಷಯ ನನ್ನ ಕೈಯಲ್ಲಿಲ್ಲ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಬರೆಯಿರಿ ಎಂದು ನನಗೆ ಹೇಳಿ, ಹಾಳೆಗಳನ್ನು ಅವಳ ಮುಂದೆ ಸರಿಸಿದರು.

ರಾಧಾಮಣಿ ಮೇಲಿನ ಹಾಳೆ ಎತ್ತಿ ಅದರ ಕೆಳಗಿನದನ್ನು ನೋಡಿದಳು.

"ಮೂರು ಪ್ರತೀಲೂ ಗೆರೆ ಹೊಡೀರಿ ಮೇಡಂ," ಅಂದಳು.

ಮೇಡಂ ಮೂರರಲ್ಲೂ ಹೊಡೆದರು.