ಎರ್ಸೀಲಿಯಾ ತನ್ನ ಹೋಟೆಲಿನಲ್ಲೇ ಕೋಣೆ ಹಿಡಿದದ್ದು

ರೊಕ್ಕಾಸ್ಪಿನಾ ಊರಿನ ನೆತ್ತಿಯಲ್ಲಿ, ಇಗರ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುವ ಹೋಟೆಲು ಸೆರಾಫಿನಿ ಮನೆತನದ್ದು. ಎರ್ಸೀಲಿಯಾ ಆ ಮನೆಗೆ ಸೊಸೆಯಾಗಿ ಬಂದ ಸಂಜೆಯೇ ಅತ್ತೆ ಅವಳ ಕೈಗೆ ಏಪ್ರನ್ ಕೊಟ್ಟಿದ್ದಳು. ಆಮೇಲೆ ಅತ್ತೆ ಹೋದಳು, ಗಂಡ ಹೋದ, ಏಪ್ರನ್ ಮಾತ್ರ ಎರ್ಸೀಲಿಯಾಳ ಸೊಂಟ ಬಿಟ್ಟಿರಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ಅವಳು ಅದನ್ನು ಬಿಚ್ಚಿಟ್ಟು, ಇಗರ್ಜಿಗೆ ಹಾಕುವ ಕಪ್ಪು ಕೋಟು ತೊಟ್ಟು, ಚೌಕ ದಾಟಿ ಉಬಾಲ್ದೋನ ಕಾಫಿ ಅಂಗಡಿಗೆ ಹೋದಳು.

"ಫೋನ್ ಬೇಕಿತ್ತು," ಎಂದಳು.

"ಯಾರಿಗೆ?" ಉಬಾಲ್ದೋ ಲೋಟ ಒರೆಸುತ್ತಿದ್ದ.

"ಹೋಟೆಲಿಗೆ."

"ಯಾವ ಹೋಟೆಲಿಗೆ?"

"ಈ ಊರಲ್ಲಿ ಎಷ್ಟಿವೆ ಮಾರಾಯ?"

ಒಂದೇ ಇತ್ತು. ಉಬಾಲ್ದೋ ಫೋನನ್ನು ಅವಳ ಮುಂದೆ ಸರಿಸಿ, ಒರೆಸಿದ್ದ ಲೋಟವನ್ನೇ ಮತ್ತೆ ಒರೆಸತೊಡಗಿದ.

ಆ ಕಡೆ ಫೋನ್ ಎತ್ತಿದವನು ಮಗ ತೂಲ್ಯೋ. "ಹೋಟೆಲ್ ಸೆರಾಫಿನಿ, ಹೇಳಿ."

"ಒಂದು ಕೋಣೆ ಬೇಕಿತ್ತು. ಕಣಿವೆ ಕಡೆಯದು. ಬಾಲ್ಕನಿ ಇರೋದು."

ಆ ಕಡೆ ಕಿಟಕಿಯ ಪರದೆ ಸರಿಸಿದ ಸದ್ದು.

"ಮಮ್ಮಾ?"

"ಒಬ್ಬರಿಗೆ. ಎರಡು ರಾತ್ರಿ."

"ಮಮ್ಮಾ, ನೀನು ಉಬಾಲ್ದೋ ಅಂಗಡೀಲಿ ನಿಂತಿದ್ದೀಯ. ಕಿಟಕೀಲಿ ಕಾಣ್ತಿದ್ದೀಯ. ಏನಾಯ್ತು?"

"ಗಿರಾಕಿಗಳನ್ನ ಏನಾಯ್ತು ಅಂತ ಕೇಳೋ ಪದ್ಧತಿ ಯಾವಾಗಿಂದ ಶುರುವಾಯ್ತು? ಕೋಣೆ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಯಾರ ಹೆಸರಲ್ಲಿ ಅಂತ ಕೇಳು."

"ಯಾರ ಹೆಸರಲ್ಲಿ, ಮಮ್ಮಾ?"

"ಬಾರ್ತೋಚ್ಚಿ," ಎಂದು ಎರ್ಸೀಲಿಯಾ ತವರಿನ ಹೆಸರು ಹೇಳಿ ಫೋನ್ ಇಟ್ಟಳು. ಉಬಾಲ್ದೋನ ಕೈಯಲ್ಲಿದ್ದ ಲೋಟ ಅಷ್ಟು ಹೊಳೆದದ್ದು ಅದೇ ಮೊದಲು.

ವಿಷಯ ಇಷ್ಟೇ. ಈಸ್ಟರ್ ಹೊತ್ತಿಗೆ ಎರ್ಸೀಲಿಯಾ ಅಡುಗೆಮನೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ನೋವಿನಲ್ಲಿ ಮನುಷ್ಯರು ಏನೇನೋ ಅಂದುಬಿಡುತ್ತಾರೆ. ಅವಳು, "ಸಂತ ಮಾರ್ತಿನೋ ಹಬ್ಬಕ್ಕೆ ಏಪ್ರನ್ ಲೊರೆದಾನಾಗೆ ಕೊಟ್ಟುಬಿಡ್ತೀನಿ," ಅಂದಿದ್ದಳು. ಲೊರೆದಾನಾ ಎಂದರೆ ಸೊಸೆ. ಮಣಿಕಟ್ಟು ಕೂಡಿಕೊಂಡಿತು, ಮಾತು ಮಾತ್ರ ಹಾಗೇ ಉಳಿಯಿತು. ಈಗ ಹಬ್ಬಕ್ಕೆ ಎರಡೇ ದಿನ.

ಕೊಟ್ಟ ಮಾತಿಗೆ ತಪ್ಪುವ ಪೈಕಿ ಅಲ್ಲ ಎರ್ಸೀಲಿಯಾ. ಆದರೆ ಕೊಡುವ ಮೊದಲು ಒಮ್ಮೆ ಗಿರಾಕಿಯಾಗಿ ಉಳಿದು, ಸೊಸೆಯ ಕೈಯ ಊಟ ಉಂಡು, ಅದರಲ್ಲಿ ಒಂದು ತಪ್ಪು, ದೊಡ್ಡದೇನೂ ಬೇಡ, ನಾಲ್ಕು ಜನಕ್ಕೆ ತೋರಿಸಬಹುದಾದ ಒಂದು ತಪ್ಪು ಸಿಕ್ಕಿದರೆ, ಆಗ ಕೊಡದಿರುವುದೇ ಧರ್ಮ. ಅವಳ ಲೆಕ್ಕಾಚಾರ ಇದು. ಅದರಲ್ಲಿ ಅವಳಿಗೆ ಯಾವ ಕೊಂಕೂ ಕಾಣಲಿಲ್ಲ.

ಇನ್ನೊಂದು ಆಸೆಯೂ ಮೂಲೆಯಲ್ಲಿತ್ತು. ಅತ್ತೆ ಬಟಾಣಿ ಬಿಡಿಸುವಾಗ ಹೇಳುತ್ತಿದ್ದಳು: ನವೆಂಬರಿನ ಮುಂಜಾನೆ ಕಣಿವೆ ತುಂಬ ಮಂಜು ಉಕ್ಕಿ, ಹಾಲಿನ ಸಮುದ್ರವಾಗಿ, ಊರು ಅದರ ಮೇಲೆ ದೋಣಿಯ ಹಾಗೆ ತೇಲುತ್ತದಂತೆ, ಬಾಲ್ಕನಿಯ ಕೋಣೆಯಿಂದ ನೋಡಿದವರಿಗೆ ಮಾತ್ರ ಕಾಣುವುದಂತೆ. ಎರ್ಸೀಲಿಯಾ ನೋಡಿರಲಿಲ್ಲ. ಮುಂಜಾನೆ ಅವಳು ಅಡುಗೆಮನೆಯಲ್ಲಿರುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದುದು ಇಗರ್ಜಿಯ ಗೋಡೆ.

ಸಂಜೆ ಅವಳು ಪೆಟ್ಟಿಗೆಗೆ ಎರಡು ಜೊತೆ ಬಟ್ಟೆ ಹಾಕಿದಳು. ಸುಮ್ಮನೆ ಹೊರಗೆ ಬಿಟ್ಟರೆ ಯಾರಾದರೂ ಕಟ್ಟಿಕೊಂಡಾರು ಎಂದು ಏಪ್ರನನ್ನೂ ಇಸ್ತ್ರಿ ಮಾಡಿ ಒಳಗಿಟ್ಟಳು. ಅವಳು ಮಲಗುತ್ತಿದ್ದುದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಅಲ್ಲಿಂದ ಮಹಡಿಯ ಮೆಟ್ಟಿಲು ಕೂಗಳತೆ ದೂರ. ಆದರೆ ಗಿರಾಕಿಗಳು ಹಿತ್ತಲ ಬಾಗಿಲಿಂದ ಬರುವುದಿಲ್ಲವಲ್ಲ. ಹಾಗಾಗಿ ಹಿತ್ತಲಿಂದ ಹೊರಬಿದ್ದು, ಪೆಟ್ಟಿಗೆ ಹಿಡಿದು, ಇಗರ್ಜಿಯನ್ನು ಒಂದು ಸುತ್ತು ಹಾಕಿ ಮುಂಬಾಗಿಲಿಗೆ ಹೊರಟಳು.

ಇಲ್ಲೇ ಎಡವಿದ್ದು. ಆ ಸೀಮೆಯಲ್ಲಿ ಸಂತ ಮಾರ್ತಿನೋ ಹಬ್ಬವೆಂದರೆ ಹೊಸ ವೈನು ಕುಡಿಯುವುದೊಂದೇ ಅಲ್ಲ. ಹಿಂದೆ ಗೇಣಿದಾರರ ವರ್ಷ ಮುಗಿಯುತ್ತಿದ್ದುದು, ಅವರು ಗಾಡಿಗೆ ಪಾತ್ರೆ ಪರಡಿ ಹೇರಿಕೊಂಡು ಮನೆ ಬದಲಿಸುತ್ತಿದ್ದುದು ಆ ದಿನವೇ. ಗೇಣಿ ಹೋದರೂ ಕಣ್ಣಿನ ಅಭ್ಯಾಸ ಹೋಗಿರಲಿಲ್ಲ. ಹಬ್ಬದ ಆಸುಪಾಸಿನಲ್ಲಿ ಯಾರಾದರೂ ಪೆಟ್ಟಿಗೆ ಹಿಡಿದು ಬೀದಿಯಲ್ಲಿ ಕಂಡರೆ ಅವರು ಮನೆ ಬಿಟ್ಟರು ಅಂತಲೇ.

ಮೇಲಿನ ಕಿಟಕಿಯಿಂದ ಜೆಲಿಂದಾ ಬಗ್ಗಿದಳು. ನಿವೃತ್ತ ಶಾಲಾಮಾಸ್ತರಿಣಿ, ಊರಿನ ಯಾವ ಸುದ್ದಿಯೂ ಅವಳ ಕಿಟಕಿಗೆ ಹಾಜರಿ ಹಾಕದೆ ಮುಂದೆ ಹೋಗುತ್ತಿರಲಿಲ್ಲ.

"ಏನೇ ಎರ್ಸೀಲಿಯಾ, ಪೆಟ್ಟಿಗೆ?"

"ಹೋಟೆಲಿಗೆ ಹೋಗ್ತಿದ್ದೀನಿ."

"ಅಯ್ಯೋ ದೇವರೇ," ಎಂದು ಜೆಲಿಂದಾ ಕಿಟಕಿ ಮುಚ್ಚಿದಳು. ಸುದ್ದಿ ಹೊರಡುವಾಗ ಅವಳು ಕಿಟಕಿ ಮುಚ್ಚಿ ಬಾಗಿಲು ತೆರೆಯುತ್ತಿದ್ದಳು.

ಮುಂಬಾಗಿಲಲ್ಲಿ, ಮೇಜಿನ ಹಿಂದೆ ಲೊರೆದಾನಾ ನಿಂತಿದ್ದಳು. ನಗಲಿಲ್ಲ. ಆ ಹುಡುಗಿಯ ಈ ಗುಣವೊಂದನ್ನು ಎರ್ಸೀಲಿಯಾ ಯಾವತ್ತೂ ಒಳಗೊಳಗೇ ಮೆಚ್ಚುತ್ತಿದ್ದಳು.

"ಗುರುತಿನ ಚೀಟಿ ಕೊಡಿ, ಸಿನ್ಯೋರಾ."

ಎರ್ಸೀಲಿಯಾ ಕೊಟ್ಟಳು. ಲೊರೆದಾನಾ ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಮೊದಲ ಸಲವಾ ನಮ್ಮಲ್ಲಿ?"

"ಹೌದು."

"ಯಾರು ಹೇಳಿ ಬಂದ್ರಿ?"

"ನಮ್ಮತ್ತೆ," ಎಂದಳು ಎರ್ಸೀಲಿಯಾ.

ಕೋಣೆ ಸೇರಿದವಳೇ ಅವಳು ಕುರ್ಚಿ ಹತ್ತಿ ಕಪಾಟಿನ ತಲೆಯ ಮೇಲೆ ಬೆರಳಾಡಿಸಿದಳು. ಧೂಳಿರಲಿಲ್ಲ. ಹಾಸಿಗೆಯ ಕೆಳಗೆ ಬಗ್ಗಿದಳು. ಅಲ್ಲೂ ಇರಲಿಲ್ಲ. ಬಾಗಿಲ ಹಿಂದೆ ಅವಳದೇ ಕೈಬರಹದ ಫಲಕ ತೂಗುತ್ತಿತ್ತು: ಗಿರಾಕಿಗಳು ಅಡುಗೆಮನೆಗೆ ಕಾಲಿಡಕೂಡದು. ಬಟ್ಟೆ ಒಗೆದುಕೊಡುವುದಿಲ್ಲ. ಬೆಳಗಿನ ಕಾಫಿಗೆ ಕರೆಯುವವರೆಗೆ ಕೆಳಗೆ ಬರಬೇಡಿ. ಬಾಲ್ಕನಿಯ ಬಾಗಿಲನ್ನು ಭುಜದಿಂದ ನೂಕಿ.

ಅವಳು ಭುಜದಿಂದ ನೂಕಿದಳು. ಬಾಗಿಲು ಬೆಣ್ಣೆಯ ಹಾಗೆ ತೆರೆದುಕೊಂಡು, ಎರ್ಸೀಲಿಯಾ ಸೀದಾ ಬಾಲ್ಕನಿಯ ಕಂಬಿಗೆ ಹೋಗಿ ತಗುಲಿದಳು. ಯಾರೋ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಯಾರೆಂದು ಕೇಳಬೇಕಿರಲಿಲ್ಲ. ಇದನ್ನು ತಪ್ಪು ಎನ್ನಬಹುದೇ ಎಂದು ಅವಳು ಬಹಳ ಹೊತ್ತು ಯೋಚಿಸಿದಳು. ನಾಲ್ಕು ಜನಕ್ಕೆ ತೋರಿಸುವಂಥದ್ದಲ್ಲ ಎಂದು ಬಿಟ್ಟಳು.

ಆ ಹೋಟೆಲಿನಲ್ಲಿ ಊಟಕ್ಕೆ ಇದ್ದದ್ದು ಒಂದೇ ಉದ್ದನೆಯ ಮೇಜು, ಅತ್ತೆಯ ಕಾಲದಿಂದ. ನವೆಂಬರಿನಲ್ಲಿ ಅದರ ಒಂದು ತುದಿಯಲ್ಲಿ ಮೂರು ನಾಲ್ಕು ಜನ ಕೂತರೆ ಹೆಚ್ಚು. ಈ ಸಲ ಉಳಿದುಕೊಂಡಿದ್ದವರು ಜರ್ಮನಿಯ ಗಂಡ ಹೆಂಡತಿ, ಮತ್ತೆ ನೀರೆತ್ತುವ ಪಂಪು ಮಾರುವವನೊಬ್ಬ. ಆದರೆ ಎರ್ಸೀಲಿಯಾ ಇಳಿದು ಬಂದಾಗ ಜೆಲಿಂದಾ ತನ್ನ ತಂಗಿಯೊಡನೆ ಕೂತಿದ್ದಳು. ಉಬಾಲ್ದೋ ಅಂಗಡಿ ಮುಚ್ಚಿ ಹೆಂಡತಿಯನ್ನು ಕರೆತಂದಿದ್ದ. ಔಷಧಿ ಅಂಗಡಿಯ ದಂಪತಿ ಬಂದರು, ಅಂಚೆಯವನು ಬಂದ, ಕ್ಷೌರಿಕ ಬಂದ. ಕೊನೆಗೆ ಪಾದ್ರಿ ಕೂಡ, "ದಾರೀಲಿ ಹೋಗ್ತಿದ್ದೆ," ಅನ್ನುತ್ತ ಬಂದರು. ಇಗರ್ಜಿ ಪಕ್ಕದ ಗೋಡೆಯೇ. ದಾರಿಯೆಂಬುದು ಇರಲಿಲ್ಲ. ಮುದುಕಿಯನ್ನು ಹೊರಗೆ ಹಾಕಿದ ಸೊಸೆಯ ಮುಖ ನೋಡಲು ಎಲ್ಲರಿಗೂ ಒಟ್ಟಿಗೇ ಹಸಿವಾಗಿತ್ತು.

ಇಷ್ಟು ಜನಕ್ಕೆ ವೈನು ಸಾಲದೆಂದು ತೂಲ್ಯೋ ಗಾಡಿ ತೆಗೆದುಕೊಂಡು ಕೆಳಗಿನ ದ್ರಾಕ್ಷಿತೋಟಕ್ಕೆ ಓಡಿದ. ಲೊರೆದಾನಾ ಒಬ್ಬಳೇ ಸೂಪು ಬಡಿಸಿದಳು. ಕಡಲೆ, ಚೆಸ್ಟ್‌ನಟ್ಟು, ಒಂದಿಷ್ಟು ರೋಸ್ಮರಿ ಸೊಪ್ಪು. ಎರ್ಸೀಲಿಯಾ ಚಮಚ ಎತ್ತಿದಳು. ಮೇಜಿನವರೆಲ್ಲ ಅವಳ ಬಾಯಿಯನ್ನೇ ನೋಡಿದರು.

ಉಪ್ಪು ಸರಿಯಾಗಿತ್ತು. ಅವಳಿಗೆ ಬೇಜಾರಾಯಿತು.

"ಹದಿಮೂರು," ಅಂದಳು ಜೆಲಿಂದಾ.

ಚಮಚಗಳೆಲ್ಲ ಕೆಳಗಿಳಿದವು. ಬೇರೆಲ್ಲಾದರೂ ಹದಿಮೂರು ಒಳ್ಳೆಯದೇ. ಲಾಟರಿಗೆ ಅದನ್ನೇ ಆರಿಸುವವರಿದ್ದಾರೆ. ಊಟದ ಮೇಜಿನಲ್ಲಿ ಮಾತ್ರ ಬೇಡ. ಹದಿಮೂರು ಜನ ಕೂತು ಉಂಡರೆ ವರ್ಷ ತಿರುಗುವುದರೊಳಗೆ ಒಬ್ಬರು ಕಡಿಮೆಯಾಗುತ್ತಾರೆ. ಪಾದ್ರಿ ಇಂಥದ್ದನ್ನು ನಂಬುತ್ತಿರಲಿಲ್ಲ. ಆದರೂ ರೊಟ್ಟಿಯನ್ನು ತಟ್ಟೆಗೆ ವಾಪಸಿಟ್ಟರು.

ಸೆರಾಫಿನಿ ಹೋಟೆಲಿನಲ್ಲಿ ಇದಕ್ಕೆ ಏರ್ಪಾಡಿತ್ತು. ಎಣಿಕೆ ಹದಿಮೂರಾದಾಗ ಅಡುಗೆಮನೆಯಿಂದ ಎರ್ಸೀಲಿಯಾ ಏಪ್ರನ್ ಬಿಚ್ಚಿ ಬಂದು ಹದಿನಾಲ್ಕನೆಯವಳಾಗಿ ಕೂರುತ್ತಿದ್ದಳು. ಅಭ್ಯಾಸ ಬಲದಿಂದ ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಎರ್ಸೀಲಿಯಾ ಕೂಡ ನೋಡಿದಳು, ತಾನು ಬರುತ್ತೇನೇನೋ ಎಂದು.

ಬಂದದ್ದು ಲೊರೆದಾನಾ. ವಿಷಯ ಕೇಳಿ ಅವಳ ಮುಖ ಬಿಳುಚಿತು.

"ಒಲೆ ಮೇಲೆ ಮೊಲ ಇದೆ," ಅಂದಳು.

"ಮೊಲ ಹೇಗೂ ಸತ್ತಾಗಿದೆ. ನಾವಿನ್ನೂ ಇದ್ದೀವಲ್ಲಮ್ಮ," ಅಂದ ಕ್ಷೌರಿಕ. "ಬಾ, ಕೂತ್ಕೋ."

ಖಾಲಿ ಇದ್ದದ್ದು ಎರ್ಸೀಲಿಯಾಳ ಪಕ್ಕದ ಕುರ್ಚಿ ಒಂದೇ. ಈ ಮನೆಗೆ ಬಂದ ಮೇಲೆ ಲೊರೆದಾನಾ ಆ ಮೇಜಿಗೆ ಕೂತದ್ದು ಇದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತಳು.

"ಬೆನ್ನು ಒರಗಿಸ್ಕೊಂಡು ಕೂತ್ಕೋ," ಅಂದಳು ಎರ್ಸೀಲಿಯಾ ಮೆಲ್ಲಗೆ. "ಎಲ್ರೂ ನೋಡ್ತಿದ್ದಾರೆ."

"ಮೊಲ ತಿರುವಿ ಹಾಕ್ಬೇಕು, ಅತ್ತೆ."

"ಮೂಗಿದೆಯಮ್ಮ ನನಗೂ."

ಮೊಲ ಸೀಯತೊಡಗಿತ್ತು. ಮೊದಲು ಆಲಿವಿನ ವಾಸನೆ, ಆಮೇಲೆ ಬೆಳ್ಳುಳ್ಳಿಯದು, ಅದರ ಬೆನ್ನಿಗೆ ತಳ ಹಿಡಿಯುವ ಆ ತೆಳ್ಳನೆಯ ಕಹಿ. ಎರ್ಸೀಲಿಯಾ ಬಯಸಿ ಬಂದದ್ದು ಇದನ್ನೇ. ಊರಿಗೆ ಊರೇ ಸಾಕ್ಷಿ ಕೂತಿದೆ. ಸುಮ್ಮನೆ ರೊಟ್ಟಿ ಮುರಿಯುತ್ತ ಇನ್ನೊಂದಿಷ್ಟು ಹೊತ್ತು ಕಳೆದರೆ ಸಾಕು, ಏಪ್ರನ್ ಪೆಟ್ಟಿಗೆಯಿಂದ ನೆಟ್ಟಗೆ ತನ್ನ ಸೊಂಟಕ್ಕೇ.

ಅವಳು ರೊಟ್ಟಿ ಮುರಿದಳು. ಪಕ್ಕದಲ್ಲಿ ಲೊರೆದಾನಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ತೀರಿಕೊಂಡವರ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು. ಹೇಗೆ ಮಾಡಿದರೂ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

"ಹೋಗಿ ತಿರುವಿ ಬಾ," ಅಂದಳು ಎರ್ಸೀಲಿಯಾ ಕೊನೆಗೆ.

ಲೊರೆದಾನಾ ಎದ್ದಳು.

"ಹದಿಮೂರು!" ಅಂದಳು ಜೆಲಿಂದಾ.

ಲೊರೆದಾನಾ ಕೂತಳು.

"ಹಾಗಾದ್ರೆ ನಾನೇ ಹೋಗ್ತೀನಿ." ಎರ್ಸೀಲಿಯಾ ಎದ್ದಳು.

"ಆಗ್ಲೂ ಹದಿಮೂರೇ," ಅಂದಳು ಜೆಲಿಂದಾ. ಮಗ್ಗಿ ಒಪ್ಪಿಸಿಕೊಳ್ಳುವ ದನಿ ಅವಳಿಗೆ ಮರಳಿ ಬಂದಿತ್ತು. "ಎದ್ರೆ ಇಬ್ರೂ ಏಳಿ. ಹನ್ನೆರಡು. ಕೂತ್ರೆ ಇಬ್ರೂ ಕೂತ್ಕೊಳ್ಳಿ."

ಹಾಗಾಗಿ ಇಬ್ಬರೂ ಎದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಎರ್ಸೀಲಿಯಾ ನಿಂತುಬಿಟ್ಟಳು.

"ಬನ್ನಿ ಅತ್ತೆ!"

"ಗಿರಾಕಿಗಳು ಕಾಲಿಡಕೂಡದು. ಬಾಗಿಲ ಹಿಂದೆ ಬರೆದಿದೆ."

ಲೊರೆದಾನಾ ಓಡಿ ಬಾಣಲೆ ಎತ್ತಿದಳು. ಒಂದು ಮಗ್ಗುಲು ಕಪ್ಪಾಗಿತ್ತು. ತುಂಡುಗಳನ್ನು ತಿರುವಿ ಹಾಕಿದಳು. ಬಾಟಲಿಗೆ ಕೈ ಹಾಕಿ ಹಿಂತಿರುಗಿ ನೋಡಿದಳು. "ಈಗ ವೈನು ಹಾಕ್ಲಾ? ಇಲ್ಲ ಸಾರಿನ ನೀರಾ?"

ಎರ್ಸೀಲಿಯಾಳ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ಅದನ್ನು ಅವಳು ನುಂಗಿದಳು. ಅವತ್ತು ರಾತ್ರಿ ಅವಳ ಗಂಟಲಲ್ಲಿ ಸರಿಯಾಗಿ ಇಳಿದ ಮೊದಲ ವಸ್ತು ಅದೇ.

"ನನ್ನನ್ನೇನು ಕೇಳ್ತೀಯ? ನಾನು ಮೊದಲ ಸಲ ಬಂದಿರೋದು."

ಲೊರೆದಾನಾ ಒಂದು ಕ್ಷಣ ನಿಂತು, ವೈನು ಹಾಕಿದಳು. ಎರ್ಸೀಲಿಯಾ ಆಗಿದ್ದರೆ ಸಾರಿನ ನೀರು ಹಾಕುತ್ತಿದ್ದಳು. ಭುಸ್ಸೆಂದು ಎದ್ದ ಹಬೆ ಹೊಸ್ತಿಲವರೆಗೂ ಬಂತು. ಪರಿಮಳ ಕೆಟ್ಟದ್ದೇನೂ ಆಗಿರಲಿಲ್ಲ.

ಇಬ್ಬರೂ ಒಟ್ಟಿಗೇ ಹೋಗಿ ಕೂತರು. ಮತ್ತೆ ಒಟ್ಟಿಗೇ ಎದ್ದು ಬಂದರು. ಆಲೂಗಡ್ಡೆಗೆ ಒಂದು ಸಲ, ತಟ್ಟೆಗಳಿಗೆ ಒಂದು ಸಲ, ಜರ್ಮನಿಯವರು ಕೇಳಿದ ನೀರಿಗೆ ಮತ್ತೊಂದು ಸಲ. ಬಾವಿಯ ಎರಡು ಕೊಡಗಳ ಹಾಗಲ್ಲ, ಅವು ಒಂದು ಏರಿದರೆ ಒಂದು ಇಳಿಯುತ್ತವೆ. ಇವರು ಒಂದೇ ಹಗ್ಗಕ್ಕೆ ಕಟ್ಟಿದ ಮೇಕೆಗಳ ಹಾಗೆ ಹೋಗಿ ಬಂದರು. ಊರವರು ಕಣ್ಣಲ್ಲೇ ಹಿಂಬಾಲಿಸಿದರು. ಇವರಲ್ಲಿ ಜಗಳದ ಸುಳಿವೇ ಕಾಣದೆ ಒಬ್ಬೊಬ್ಬರೇ ಸಪ್ಪಗಾದರು.

"ಸೊಸೆ ಹೊರಗೆ ಹಾಕಿದ್ಲು ಅಂತ ಯಾರೇ ಹೇಳಿದ್ದು?" ಉಬಾಲ್ದೋ ಜೆಲಿಂದಾಳ ಕಿವಿಯಲ್ಲಿ ಕೇಳಿದ.

"ನೀನೇ."

"ನಾನು ಫೋನಿನ ವಿಷಯ ಹೇಳಿದ್ದು. ಪೆಟ್ಟಿಗೆ ನಿಂದು."

ಕೊನೆಯ ಸಲ ಎದ್ದದ್ದು ಮೊಲ ಬಡಿಸಲು. ಎರ್ಸೀಲಿಯಾ ಹೊಸ್ತಿಲಿನಿಂದ ನೋಡುತ್ತಿದ್ದಳು. ಲೊರೆದಾನಾ ಒಳ್ಳೆಯ ಮಗ್ಗುಲು ಮೇಲೆ ಬರುವಂತೆ ಒಂದೊಂದೇ ತುಂಡು ಜೋಡಿಸಿದಳು. ತೀರಾ ಕರಕಲಾದ ಒಂದು ತುಂಡು ಉಳಿಯಿತು. ಅದನ್ನು ಎತ್ತಿ, ಯೋಚನೆಯನ್ನೂ ಮಾಡದೆ, ತನ್ನ ತಟ್ಟೆಗೆ ಹಾಕಿಕೊಂಡಳು.

ಆ ಮನೆಯಲ್ಲಿ ಇಷ್ಟು ವರ್ಷ ಕರಕಲು ತುಂಡು ತಿಂದವಳು ಎರ್ಸೀಲಿಯಾ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕಲಿಸಿಕೊಟ್ಟೂ ಇರಲಿಲ್ಲ.

ಮೇಜಿನಲ್ಲಿ ಎಲ್ಲರೂ ಉಂಡರು. "ಹೇಗಿದೆ?" ಎಂದು ಪಾದ್ರಿ ಎರ್ಸೀಲಿಯಾಳನ್ನೇ ಕೇಳಿದರು. ಅವಳು ಅಗಿದು, ನುಂಗಿ, ಬಾಯಿ ಒರೆಸಿಕೊಂಡಳು.

"ಬಾಲ್ಕನಿ ಬಾಗಿಲು ತುಂಬ ಸಲೀಸು," ಅಂದಳು. "ಅದೊಂದು ಬಿಟ್ರೆ ದೂರಿಲ್ಲ."

ತೂಲ್ಯೋ ವೈನಿನ ಪೀಪಾಯಿ ಹೊತ್ತು ಬಂದಾಗ ಹೆಂಡತಿ ಮತ್ತು ತಾಯಿ ಪಕ್ಕ ಪಕ್ಕ ಕೂತು ಉಣ್ಣುತ್ತಿದ್ದರು. ಅವನು ಪೀಪಾಯಿಯನ್ನು ಇಳಿಸಲು ಮರೆತು ನಿಂತ.

ಮುಂಜಾನೆ ಎಂದಿನ ಹೊತ್ತಿಗೇ ಎರ್ಸೀಲಿಯಾಳಿಗೆ ಎಚ್ಚರವಾಯಿತು. ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕಿದವು. ಅವಳು ಬಾಲ್ಕನಿಯ ಬಾಗಿಲನ್ನು ಒಂದೇ ಬೆರಳಿಂದ ತೆರೆದಳು. ಮಂಜು ಕಣಿವೆ ತುಂಬಿ, ಬೆಟ್ಟ ಹತ್ತಿ, ಬಾಲ್ಕನಿಗೂ ಬಂದುಬಿಟ್ಟಿತ್ತು. ಕಂಬಿ ಸಹ ಕಾಣಲಿಲ್ಲ. ಅತ್ತೆಯ ದೋಣಿ ರಾತ್ರಿಯೇ ಮುಳುಗಿರಬೇಕು. ಆ ಬಿಳುಪಿನಲ್ಲಿ ಅವಳು ಕೈ ಚಾಚಿ ಸ್ವಲ್ಪ ಹೊತ್ತು ನಿಂತಳು. ಕೈ ಒದ್ದೆಯಾಯಿತು. ಕೆಳಗೆ ಅಡುಗೆಮನೆಯಲ್ಲಿ ಕಾಫಿ ಪಾತ್ರೆ ಉಬ್ಬಸ ಪಡುವ ಸದ್ದು ಕೇಳಿತು. ಉರಿ ಸ್ವಲ್ಪ ಜಾಸ್ತಿಯಾಯಿತು ಅನಿಸಿತು. ಅವಳು ಹೋಗಿ ಮಲಗಿ ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡಳು.

ಕರೆದ ಮೇಲೆಯೇ ಕೆಳಗೆ ಬಂದಳು. ತೋಳಿನ ಮೇಲೆ, ಇಸ್ತ್ರಿಯ ಮಡಿಕೆ ಕೆಡದ ಏಪ್ರನ್ ಇತ್ತು. ಅದನ್ನು ಮೇಜಿನ ಮೇಲಿಟ್ಟಳು.

"ಇದನ್ನ ಒಗೀಬೇಕಿತ್ತು."

ಲೊರೆದಾನಾ ಏಪ್ರನ್ ನೋಡಿದಳು. ನಗಲಿಲ್ಲ.

"ಗಿರಾಕಿಗಳ ಬಟ್ಟೆ ಒಗೆದುಕೊಡೋದಿಲ್ಲ, ಸಿನ್ಯೋರಾ. ಬಾಗಿಲ ಹಿಂದೆ ಬರೆದಿದೆ."

"ಹೌದಾ?" ಎರ್ಸೀಲಿಯಾ ಕುರ್ಚಿ ಎಳೆದು, ಬೆನ್ನು ಒರಗಿಸಿ ಕೂತಳು. "ಹಾಗಾದ್ರೆ ಹೊತ್ಕೊಂಡು ಯಾರು ಹೋಗ್ತಾರೆ. ನೀನೇ ಇಟ್ಕೋ."

ಲೊರೆದಾನಾ ಅದನ್ನು ತೆಗೆದುಕೊಂಡಳು. ಕಟ್ಟಿಕೊಳ್ಳುವಾಗ ದಾರ ಬೆನ್ನ ಹಿಂದೆ ಒಂದು ಸಲ ತಪ್ಪಿತು. ಎರ್ಸೀಲಿಯಾ ಕೈ ಚಾಚಲಿಲ್ಲ, ಕಾಫಿಗೆ ಕಾದಳು.